ಓಗೊಡುವ ಋಣ

ಆಪತ್ತಿನಲ್ಲಿ ಸಿಕ್ಕಿದವನು ಕೂಗಿಕೊಳ್ಳಬೇಕು, ಕೂಗನ್ನು ಕೇಳಿದವನು ಓಡಿಬರಬೇಕು. ಇಷ್ಟು ಸರಳವಾದ ವಿಷಯದಲ್ಲಿ ಜಿಜ್ಞಾಸೆಗೆ ಎಡೆಯೆಲ್ಲಿದೆ ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಕಳೆದ ವರ್ಷ ನಂಜನಗೂಡಿನಲ್ಲಿ ನಮ್ಮ ಬೀದಿಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿಯಿಂದ ಆ ಭಾವನೆ ಕದಲಿತು. ಅಂದಿನಿಂದ ಈ ವಿಷಯ ಮನಸ್ಸನ್ನು ಬಿಟ್ಟಿಲ್ಲ.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ 78 ವರ್ಷದ ವೃದ್ಧೆಯೊಬ್ಬರು ಒಬ್ಬರೇ ವಾಸವಾಗಿದ್ದಾರೆ. ಪತಿ ಗತಿಸಿ ಬಹಳ ವರ್ಷಗಳಾದುವು. ಒಬ್ಬನೇ ಮಗ ಅಮೆರಿಕಾದಲ್ಲಿ ಉದ್ಯೋಗದಲ್ಲಿದ್ದಾನೆ. ಆತನು ಹಿಂದಿನ ಸಲ ಬಂದಿದ್ದಾಗ ತಾಯಿಗೆ ಒಳ್ಳೆಯದೊಂದು ಸ್ಮಾರ್ಟ್ ಫೋನನ್ನು ಕೊಡಿಸಿ, 112 ಎಂಬ ಸರ್ಕಾರದ ಆ್ಯಪನ್ನು ಅದರಲ್ಲಿ ಹಾಕಿ, ಗುಂಡಿ ಒತ್ತುವ ಕ್ರಮವನ್ನು ನಾಲ್ಕು ದಿನ ಅಭ್ಯಾಸಮಾಡಿಸಿ ಹೋದನು. ಮಾಗಿಯ ಒಂದು ರಾತ್ರಿ ವಿದ್ಯುತ್ತು ಹೋಗಿತ್ತು. ಆಕೆ ಮೊಬೈಲಿನ ದೀಪವನ್ನು ಹಿಡಿದು ಬಚ್ಚಲಮನೆಗೆ ಹೋದವರು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಫೋನು ಕೈಯಲ್ಲಿಯೇ ಇತ್ತು, ಅದರ ದೀಪ ಉರಿಯುತ್ತಲೇ ಇತ್ತು. ಆಕೆ ಗುಂಡಿಯನ್ನು ಒತ್ತಲಿಲ್ಲ. ಪಕ್ಕದಲ್ಲಿದ್ದ ತಾಮ್ರದ ಚೊಂಬನ್ನು ತೆಗೆದುಕೊಂಡು ಕಲ್ಲುಹಾಸಿನ ಮೇಲೆ ಕುಟ್ಟತೊಡಗಿದರು. ಹೀಗೆ ಅರ್ಧ ಗಂಟೆ ಕುಟ್ಟಿದ ಮೇಲೆ ನೆರೆಮನೆಯ ಹೆಣ್ಣುಮಗಳಿಗೆ ಎಚ್ಚರವಾಗಿ, ಆಕೆಯೂ ಆಕೆಯ ಗಂಡನೂ ಹಿತ್ತಿಲ ಬಾಗಿಲಿನ ಅಗುಳಿಯನ್ನು ಮುರಿದು ಒಳಕ್ಕೆ ಬಂದರು. ಆಂಬ್ಯುಲೆನ್ಸಿಗೆ ಕರೆಹೋದದ್ದು ಆ ವೃದ್ಧೆಯ ಕೈಯಲ್ಲಿದ್ದ ಫೋನಿನಿಂದಲೇ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ, "ಅಮ್ಮಾ, ಕೈಯಲ್ಲಿ ಫೋನಿತ್ತಲ್ಲ, ಒತ್ತಬಾರದಾಗಿತ್ತೇ?" ಎಂದು ಕೇಳಿದೆನು. ಆಕೆ ಹೇಳಿದ ಮಾತನ್ನು ಅವರ ಮಾತಿನಲ್ಲಿಯೇ ಬರೆಯುತ್ತೇನೆ: "ಅಷ್ಟು ಹೊತ್ನಲ್ಲಿ ಸರ್ಕಾರದೋರನ್ನ ಎಬ್ಬಿಸೋದೇನಪ್ಪಾ! ಇವಳಾದ್ರೆ ಪಕ್ಕದೋಳು, ಇವಳ ಬಾಣಂತನಕ್ಕೆ ನಾನಿದ್ದೆ. ಅವರಿಗೆ ನಾನೇನು ಮಾಡಿದೀನಿ?"

ಮಗನು ದೂರದೇಶದಿಂದ ಫೋನಿನಲ್ಲಿ ಕೋಪಿಸಿಕೊಂಡನು. ಇದು ಮೌಢ್ಯವೆಂದನು. ಆತನ ಕೋಪ ನ್ಯಾಯವಾದದ್ದೆ. ಅರ್ಧ ಗಂಟೆಯೊಳಗೆ ಏನು ಬೇಕಾದರೂ ಆಗಬಹುದಾಗಿತ್ತು. ಆದರೆ ಆ ವೃದ್ಧೆಯ ಮಾತಿನಲ್ಲಿ ಮೌಢ್ಯಕ್ಕಿಂತ ಬೇರೆಯಾದ ಒಂದು ವಸ್ತು ಇದೆಯೆಂದು ನನಗೆ ತೋರಿತು. ಸಹಾಯವನ್ನು ಕೇಳುವುದಕ್ಕೆ ಅಧಿಕಾರವೊಂದು ಬೇಕು, ಆ ಅಧಿಕಾರವು ಮುಂಚೆ ತಾನು ಸಲ್ಲಿಸಿದ ಸೇವೆಯಿಂದ ಬರುತ್ತದೆ ಎಂಬುದು ಆಕೆಯ ಜೀವನಶಾಸ್ತ್ರ. ಬಾಣಂತನಕ್ಕೆ ನಿಂತವಳು ನಡುರಾತ್ರಿಯಲ್ಲಿ ಚೊಂಬು ಕುಟ್ಟಬಹುದು. ಇಂದು ಚೊಂಬು ಕೇಳಿ ಬಂದವಳಿಗೆ ನಾಳೆ ಉಪ್ಪಿನಕಾಯಿಯನ್ನಾದರೂ ಕಳುಹಿಸಬಹುದು. ಗುಂಡಿಯನ್ನು ಒತ್ತಿದರೆ ಬರುವವನಿಗೆ ಏನನ್ನು ಹಿಂದಿರುಗಿಸುವುದು? ಆತನು ಯಾರು? ಮರುದಿನ ಆತನ ಮನೆಯೆಲ್ಲಿ? ತೀರಿಸಲಾಗದ ಋಣವನ್ನು ಮಾಡುವುದಕ್ಕಿಂತ ಬಿದ್ದ ಕಡೆಯೇ ಬಿದ್ದಿರುವುದು ಮೇಲೆಂದು ಎಣಿಸುವ ಮರ್ಯಾದಸ್ಥರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ದಾಕ್ಷಿಣ್ಯವೆಂಬ ಈ ಗುಣವನ್ನು ನಾವು ಸದ್ಗುಣಗಳ ಪಟ್ಟಿಯಲ್ಲಿ ಸೇರಿಸಿದ್ದೇವೆ. ಅದರಿಂದ ಸತ್ತವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ.

ಕನ್ನಡದಲ್ಲಿ ಕರೆಗೆ ಉತ್ತರವೀಯುವುದಕ್ಕೆ "ಓಗೊಡು" ಎಂಬ ಒಂದು ಮಾತಿದೆ. ಓ ಎನ್ನುವುದೂ ಒಂದು ಕೊಡುವಿಕೆ ಎಂದು ಆ ಮಾತನ್ನು ಕಟ್ಟಿದವರು ತಿಳಿದಿದ್ದರು. ಕೂಗಿಗೂ ಹಳೆಯ ಮಾತುಂಟು. ಹಳಗನ್ನಡದ ಪುಯ್ಯಲ್ ಎಂಬುದೇ ಮುಂದೆ ಹುಯ್ಯಲ್, ಹುಯಿಲು ಎಂದಾಯಿತು. ದನಗಳನ್ನು ಹಗೆಗಳು ಹೊಡೆದುಕೊಂಡು ಹೋಗುವಾಗ ಹುಯಿಲೆದ್ದು, ಅದನ್ನು ಕೇಳಿ ಓಡಿ, ಕಾದು, ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಊರೂರಿನಲ್ಲಿಯೂ ನಿಂತಿವೆ. ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ವೀರಗಲ್ಲುಗಳನ್ನು ನೋಡುವಾಗ ನನಗೆ ಒಂದು ವಿಚಾರ ಹೊಳೆಯುವುದುಂಟು. ಕಲ್ಲಿನ ಮೇಲೆ ಕೆತ್ತಿರುವುದು ಓಡಿಬಂದವನ ಹೆಸರನ್ನು. ಕೂಗಿದವರ ಹೆಸರು ಅಲ್ಲಿ ಕಾಣುವುದಿಲ್ಲ. ಕೂಗುವುದು ಯಾರ ಪಾಲಿಗಾದರೂ ಬರಬಹುದಾದದ್ದು. ಓಡಿಬರುವುದನ್ನು ಮಾತ್ರವೇ ಆ ಕಾಲದವರು ಬರೆದಿಡತಕ್ಕ ಕಾರ್ಯವೆಂದು ಎಣಿಸಿದ್ದರು.

ಇದು ಹಳೆಯ ಕಾಲದ ಮಾತಾಯಿತೆಂದು ಹೇಳುವಂತಿಲ್ಲ. 2022ರ ಅಕ್ಟೋಬರ್ ತಿಂಗಳ ಕೊನೆಯಿಂದ 2023ರ ಜನವರಿಯ ವರೆಗೆ, ಮೂರು ತಿಂಗಳೊಳಗೆ, ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಇಬ್ಬರು ವಿದ್ಯಾರ್ಥಿಗಳು, ಒಬ್ಬ ವೃದ್ಧೆ, 11 ವರ್ಷದ ಒಬ್ಬ ಬಾಲಕ. ಕೆಬ್ಬೇಹುಂಡಿಯಲ್ಲಿ ಕಾಲೇಜಿನಲ್ಲಿ ಓದುತ್ತಿದ್ದ ಹೆಣ್ಣುಮಗಳು ಸಂಜೆ ಮನೆಯ ಹಿಂಭಾಗಕ್ಕೆ ಹೋಗಿದ್ದಾಗ ಚಿರತೆ ಎರಗಿತು. ಆಕೆಯ ಕೂಗನ್ನು ಕೇಳಿ ಅಕ್ಕಪಕ್ಕದವರು ಧಾವಿಸಿ ಮೃಗವನ್ನು ಓಡಿಸಿದರು, ಆಸ್ಪತ್ರೆಗೂ ಕೊಂಡೊಯ್ದರು. ಆದರೂ ಜೀವ ಉಳಿಯಲಿಲ್ಲ. ಹೊರಳಹಳ್ಳಿಯ ಬಾಲಕನು ಸಂಜೆಯ ಹೊತ್ತು ಮನೆಯಿಂದ ಹೊರಗೆ ಹೋದವನು ಹಿಂದಿರುಗಲಿಲ್ಲ. ಆ ದಿನಗಳಲ್ಲಿ ಸುತ್ತಿನ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಕಬ್ಬಿನ ಗದ್ದೆಯ ಬದಿಯಲ್ಲಿ ನಡೆಯುವವರು ಕಡಿಮೆಯಾದರು; ನಡೆಯಲೇಬೇಕಾದವರು ಗಟ್ಟಿಯಾಗಿ ಮಾತನಾಡಿಕೊಂಡು ಗುಂಪಾಗಿ ನಡೆದರು. ಚಿರತೆಗಳನ್ನು ಹಿಡಿಯುವುದಕ್ಕೆಂದೇ ಅರಣ್ಯ ಇಲಾಖೆಯವರು ಪ್ರತ್ಯೇಕವಾದ ಕಾರ್ಯಪಡೆಯೊಂದನ್ನು ರಚಿಸಿದರು. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ದನ ಮೇಯಿಸುತ್ತಿದ್ದ ಹೆಂಗಸೊಬ್ಬಳನ್ನು ಹುಲಿ ಕೊಂದಿತು. ಇಂಥ ಎಡೆಗಳಲ್ಲಿ ಕೈಯಲ್ಲಿರುವ ಯಂತ್ರವು ಎಷ್ಟರ ಮಟ್ಟಿಗೆ ಆದೀತು? ಮೃಗವು ಎರಗಿದ ನಿಮಿಷದಲ್ಲಿ ಗುಂಡಿಯನ್ನು ಹುಡುಕುವವರು ಯಾರು? ಗಂಟಲು ತಾನಾಗಿಯೇ ಕೂಗುತ್ತದೆ, ಕೇಳುವ ದೂರದಲ್ಲಿ ಕಿವಿಗಳು ಇರಬೇಕು, ಆ ಕಿವಿಗಳ ಹಿಂದೆ ದೊಣ್ಣೆ ಹಿಡಿಯುವ ಕೈಗಳು ಇರಬೇಕು. ಅಲ್ಲಿಗೆ ಯಂತ್ರದ ಕೆಲಸ ಆರಂಭವಾಗುತ್ತದೆ. ವಾಹನ ಬರಬೇಕು, ವೈದ್ಯರು ಸಿದ್ಧರಾಗಿರಬೇಕು, ಅರಣ್ಯದವರಿಗೆ ಸುದ್ದಿ ಮುಟ್ಟಬೇಕು. ಇದೇನೂ ಸಣ್ಣ ಕೆಲಸವಲ್ಲ.

ಯಂತ್ರವನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಈ ಏರ್ಪಾಡಿನ ಹಿಂದೆ ದೊಡ್ಡ ದುಃಖಗಳಿವೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಎದುರುಮನೆಯಾತನು ಟೆಲಿಫೋನ್ ಮಾಡಿದಾಗ ವಿನಿಮಯಕೇಂದ್ರದ ಸಾಲಿನಲ್ಲಿ ಆತನನ್ನು ಕಾಯಿಸಿದರು; ಆತನು ಪತ್ರಿಕೆಗೆ ಬರೆದ ಕಾಗದದಿಂದ ಗದ್ದಲವೆದ್ದು, 1937ರ ಜೂನ್ 30ರಂದು 999 ಎಂಬ ಸಂಖ್ಯೆ ಆ ನಗರದಲ್ಲಿ ಬಳಕೆಗೆ ಬಂದಿತು. ನಮ್ಮಲ್ಲಿ 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರಕೃತ್ಯದ ಅನಂತರ, 2013ರಲ್ಲಿ ನಿರ್ಭಯಾ ನಿಧಿಯೆಂಬುದನ್ನು ಕೇಂದ್ರಸರ್ಕಾರವು ಸ್ಥಾಪಿಸಿತು. ಪೊಲೀಸರಿಗೆ 100, ಬೆಂಕಿಗೆ 101, ಕಾಯಿಲೆಗೆ 108 ಎಂದು ಬೇರೆಬೇರೆಯಾಗಿದ್ದ ಕರೆಗಳನ್ನು 112 ಎಂಬ ಒಂದೇ ಸಂಖ್ಯೆಯಲ್ಲಿ ಕೂಡಿಸುವ ವ್ಯವಸ್ಥೆಗೆ ಆ ನಿಧಿಯಿಂದಲೇ ಹಣ ಬಂದಿತು. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಾದದ್ದು ಈಗ ನಮ್ಮ ರಾಜ್ಯದಲ್ಲಿಯೂ ನಡೆಯುತ್ತಿದೆ. ಇದಕ್ಕೆ ಮುಂಚೆಯೇ, 2008ರ ನವೆಂಬರ್ 1ರಂದು, 108ರ ಆರೋಗ್ಯಕವಚ ನಮ್ಮಲ್ಲಿಗೆ ಬಂದಿತ್ತು. 2016ರ ನಿಯಮಗಳ ಪ್ರಕಾರ ಸಾಧಾರಣ ಮೊಬೈಲಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿಹಿಡಿದರೂ, ಸ್ಮಾರ್ಟ್ ಫೋನಿನಲ್ಲಿ ದೀಪ ಆರಿಸುವ ಗುಂಡಿಯನ್ನು ಮೂರು ಸಲ ಬೇಗಬೇಗ ಒತ್ತಿದರೂ ಕರೆ ಹೋಗುವಂತೆ ಮಾಡಬೇಕೆಂದು ಫೋನು ತಯಾರಿಸುವವರಿಗೆ ವಿಧಿಸಿದ್ದಾರೆ. ಆ್ಯಪಿನ ಗುಂಡಿಯನ್ನು ಒತ್ತಿದರೆ ಒತ್ತಿದವರು ಎಲ್ಲಿದ್ದಾರೆಂಬುದು ಕೇಂದ್ರಕ್ಕೆ ತಿಳಿಯುತ್ತದೆ. ಅವರು ಮೊದಲೇ ಹೆಸರಿಸಿಟ್ಟ ಬಂಧುಮಿತ್ರರಿಗೂ ಸುದ್ದಿ ಹೋಗುತ್ತದೆ.

ನಮ್ಮ ಕಡೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಹುಂಡಿ ಎಂದು ಮುಗಿಯುವ ಹಳ್ಳಿಗಳು ಇಲ್ಲಿ ಎಷ್ಟೋ. ಬೆಂಗಳೂರಿನ ನಿಯಂತ್ರಣಕೇಂದ್ರದಲ್ಲಿ ಕುಳಿತು ಕರೆ ತೆಗೆದುಕೊಳ್ಳುವ ಹುಡುಗಿಗೆ ಯಾವ ಹುಂಡಿ, ಯಾವ ಹೋಬಳಿ, ಕಪಿಲೆಯ ಈಚೆಯೋ ಆಚೆಯೋ ಎಂದು ವಿವರಿಸುವಷ್ಟರಲ್ಲಿ ಹೋಗುವ ಜೀವ ಹೋಗಿಬಿಡುತ್ತದೆ. ನಾಲಗೆ ಹೇಳಲಾರದ ವಿಳಾಸವನ್ನು ಯಂತ್ರವು ಹೇಳುತ್ತದೆ.

ಈ ಆ್ಯಪಿನಲ್ಲಿ ಇನ್ನೊಂದು ವಿಶೇಷವಿದೆ. ಹೆಂಗಸರಿಗೂ ಮಕ್ಕಳಿಗೂ "ಶೌಟ್" ಎಂಬ ಹೆಸರಿನಲ್ಲಿ ಒಂದು ಸೌಕರ್ಯವನ್ನು ಅದರಲ್ಲಿ ಕಲ್ಪಿಸಿದರು. ಆ ಇಂಗ್ಲಿಷು ಮಾತಿಗೆ ಕೂಗು ಎಂದೇ ಅರ್ಥ. ಅದನ್ನು ಒತ್ತಿದರೆ ಪೊಲೀಸರಿಗೆ ಮಾತ್ರವಲ್ಲದೆ, ಮುಂಚೆಯೇ ಹೆಸರು ಬರೆಯಿಸಿಕೊಂಡು ಸಮೀಪದಲ್ಲಿರುವ ಸ್ವಯಂಸೇವಕರಿಗೂ ಸುದ್ದಿ ಮುಟ್ಟಬೇಕೆಂಬುದು ಉದ್ದೇಶ. ಇದನ್ನು ಓದಿದಾಗ ನನಗೆ ಸ್ವಲ್ಪ ನಗುವೂ ಬಂದಿತು, ಸ್ವಲ್ಪ ವಿಷಾದವೂ ಆಯಿತು. ಉಪಗ್ರಹಗಳನ್ನು ಆಕಾಶಕ್ಕೆ ಹಾರಿಸಿ, ಸಾವಿರಾರು ಗೋಪುರಗಳನ್ನು ನೆಟ್ಟು, ಕೊನೆಗೆ ನಾವು ಕಂಡುಕೊಂಡದ್ದು ಏನೆಂದರೆ, ನೆರೆಯವನನ್ನು ಕೂಗಬೇಕು ಎಂಬುದನ್ನು. ಯಂತ್ರವನ್ನು ಕಟ್ಟಿದ ಜಾಣರು ಯಂತ್ರದ ಎಲ್ಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು. ವಾಹನ ಎಷ್ಟೇ ಬೇಗ ಬಂದರೂ ಪಕ್ಕದ ಮನೆಯಷ್ಟು ಬೇಗ ಬಾರದು.

ಇಲ್ಲಿಗೆ ನೆರೆಹೊರೆಯನ್ನು ಹೊಗಳಿ ನಿಲ್ಲಿಸಿದರೆ ಈ ಲೇಖನವು ಸುಳ್ಳಾಗುತ್ತದೆ. ನೆರೆಯವರ ಕಿವಿಯು ಎಲ್ಲ ಕೂಗನ್ನೂ ಒಂದೇ ಸಮನಾಗಿ ಕೇಳುವ ಕಿವಿಯೇ? ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಆ ಗಾದೆಯ ಮರೆಯಲ್ಲಿ ಎಷ್ಟು ಹೆಂಗಸರು ಏಟು ತಿಂದಿದ್ದಾರೆ! ಗೋಡೆಯಾಚೆ ಅಳು ಕೇಳಿದರೆ ನಾವು ರೇಡಿಯೋವನ್ನು ಸ್ವಲ್ಪ ಗಟ್ಟಿಮಾಡಿಕೊಂಡು ಕುಳಿತುಕೊಳ್ಳುತ್ತಿದ್ದ ಕಾಲವನ್ನು ನಾನು ಬಲ್ಲೆನು. ಈಗ ಟೆಲಿವಿಷನ್ ಆಗಿದೆ, ಅಷ್ಟೆ. ಕೇರಿಯಿಂದ ಬಂದ ಕೂಗು ಊರಿಗೆ ಕೇಳಿಸದಿದ್ದದ್ದು ಒಂದೆರಡು ವರ್ಷದ ಕಥೆಯಲ್ಲ. ಕೂಲಿಗೆಂದು ದೂರದ ರಾಜ್ಯದಿಂದ ಬಂದು ನಮ್ಮ ಕೈಗಾರಿಕಾ ಪ್ರದೇಶದ ಬಳಿ ಶೀಟಿನ ಮನೆಯಲ್ಲಿ ಮಲಗುವ ಹುಡುಗನು ಯಾರ ಬಾಣಂತನಕ್ಕೆ ನಿಂತಿದ್ದಾನೆ? ಯಾರ ಮನೆಗೆ ಉಪ್ಪಿನಕಾಯಿ ಕಳುಹಿಸಿದ್ದಾನೆ? ಕೊಟ್ಟು ಪಡೆಯುವ ಋಣದ ಲೆಕ್ಕದಲ್ಲಿ ಅವನ ಹೆಸರಿನ ಪುಟವೇ ಇಲ್ಲ. ವೃದ್ಧೆಯ ಜೀವನಶಾಸ್ತ್ರ ಎಷ್ಟು ಮನೋಹರವಾಗಿದ್ದರೂ ಅದು ಸಂಸಾರವಂತರ ಶಾಸ್ತ್ರ, ಬೇರು ಬಿಟ್ಟವರ ಶಾಸ್ತ್ರ. ಬೇರಿಲ್ಲದವನಿಗೂ ಬಾಯಿ ಮುಚ್ಚಿಸಲ್ಪಟ್ಟವಳಿಗೂ ಬೇಕಾದದ್ದು, ನೀನು ಯಾರು, ಯಾವ ಕುಲ, ನನಗೆ ಮುಂಚೆ ಏನು ಮಾಡಿದ್ದೀಯೆ ಎಂದು ಕೇಳದೆ ಬರುವ ಸಹಾಯ. ಅಂಥ ಸಹಾಯವನ್ನು ಕೊಡಬಲ್ಲದ್ದು ಸರ್ಕಾರವೊಂದೇ. ಅದನ್ನು ಕೇಳುವುದು ಯಾಚನೆಯಲ್ಲ, ಹಕ್ಕು. ಆಸ್ಪತ್ರೆಯಲ್ಲಿ ನಾನು ಆ ತಾಯಿಗೆ ಹೇಳಬೇಕಾಗಿದ್ದ ಮಾತು ಇದು. "ನೀವು ಜೀವಮಾನವೆಲ್ಲ ಕೊಟ್ಟ ಕಂದಾಯ ಯಾತಕ್ಕೆಂದುಕೊಂಡಿರಿ?" ಎಂದು ಕೇಳಬಹುದಾಗಿತ್ತು. ಆಗ ತೋಚಲಿಲ್ಲ.

ಹಾಗಾದರೆ ಹಕ್ಕು ಬಂದ ಕಡೆ ಋಣವು ತೀರಿಹೋಯಿತೇ? ನನಗೆ ಕಷ್ಟವಾಗಿ ತೋರುವ ಪ್ರಶ್ನೆ ಇದು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಹಿಂದಿರುಗುತ್ತಿದ್ದೆನು. ನಮ್ಮ ಊರನ್ನೂ ನರಸೀಪುರವನ್ನೂ ಮೈಸೂರಿನ ಮೂಲಕ ಒಂದೇ ದಾರದಲ್ಲಿ ಪೋಣಿಸಿದಂತಿರುವ 766ನೆಯ ಹೆದ್ದಾರಿ ಅದು. ಲಾರಿಗಳ ಸಾಲು, ಊಟಿಗೆ ಹೋಗುವವರ ಆತುರ. ರಸ್ತೆಯ ಬದಿಯಲ್ಲಿ ಒಂದು ಸ್ಕೂಟರು ಬಿದ್ದಿತ್ತು, ಸುತ್ತಲೂ ಹತ್ತು ಹನ್ನೆರಡು ಜನ ನಿಂತಿದ್ದರು, ಅವರ ಕಾಲುಗಳ ಸಂದಿನಲ್ಲಿ ಮಲಗಿದ್ದವನ ಒಂದು ಕೈ ಕಾಣಿಸಿತು. ಇಷ್ಟು ಜನರಿದ್ದಾರೆ, ಯಾರಾದರೂ ಫೋನು ಮಾಡಿಯೇ ಇರುತ್ತಾರೆ ಎಂದುಕೊಂಡು ನಾನು ಕಾರನ್ನು ನಿಲ್ಲಿಸಲಿಲ್ಲ. ಜೇಬಿನಲ್ಲಿ ಫೋನಿತ್ತು. ಮರುದಿನ ಪತ್ರಿಕೆಯನ್ನು ಅಂಜಿಕೆಯಿಂದ ಬಿಡಿಸಿ ನೋಡಿದೆನು; ಏನೂ ಇರಲಿಲ್ಲ. ಅದರಿಂದ ಏನೂ ತಿಳಿದಂತಾಗಲಿಲ್ಲ.

ನಮ್ಮ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಗೌತಮರಥವನ್ನು ಎಳೆಯುವುದನ್ನು ಕಂಡವರಿಗೆ ಈ ಮನೋಧರ್ಮವು ಅರ್ಥವಾದೀತು. ಹಗ್ಗಕ್ಕೆ ಅಸಂಖ್ಯಾತ ಕೈಗಳು ಸೇರುತ್ತವೆ. ಅವುಗಳಲ್ಲಿ ಎಷ್ಟು ಕೈ ಎಳೆಯುತ್ತವೆ, ಎಷ್ಟು ಕೈ ಮುಟ್ಟಿಕೊಂಡು ಮಾತ್ರ ಇರುತ್ತವೆ ಎಂಬುದು ಈಶ್ವರನಿಗೇ ಗೊತ್ತು. ರಥವೇನೋ ಮುಂದಕ್ಕೆ ಹೋಗುತ್ತದೆ, ಪುಣ್ಯ ಎಲ್ಲರಿಗೂ ಹಂಚಿಕೆಯಾಗುತ್ತದೆ. ರಥ ನಿಂತುಹೋದರೆ ಮಾತ್ರ ಯಾವ ಕೈಯೂ ತನ್ನದು ಸಡಿಲವೆಂದು ಒಪ್ಪುವುದಿಲ್ಲ. ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಇಬ್ಬರು ಅಮೆರಿಕಾದ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ಲೆಕ್ಕಕ್ಕೆ ತಂದಿತು. ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ಕೇಳಿದವನು ತಾನೊಬ್ಬನೇ ಎಂದು ತಿಳಿದಿದ್ದಾಗ 100ಕ್ಕೆ 85 ಮಂದಿ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದಾಗ ಎದ್ದವರು 31 ಮಾತ್ರ. ಎದ್ದುಹೋಗದವರು ಕಟುಕರಾಗಿರಲಿಲ್ಲ, ಅವರ ಕೈ ನಡುಗುತ್ತಿತ್ತು, ಬೆವರುತ್ತಿತ್ತು ಎಂದು ಆ ವಿದ್ವಾಂಸರೇ ಬರೆದಿದ್ದಾರೆ. ಚೀನಾದೇಶದ ಮೆನ್ಸಿಯಸ್ ಎಂಬ ತತ್ತ್ವಜ್ಞಾನಿಯು, ಮಗುವೊಂದು ಬಾವಿಗೆ ಬೀಳಲಿರುವುದನ್ನು ತಟ್ಟನೆ ಕಂಡ ಯಾವ ಮನುಷ್ಯನ ಎದೆಯೂ ಝಲ್ಲೆನ್ನದಿರದು, ಅದೇ ಕರುಣೆಯ ಮೊಳಕೆ ಎಂದನು. ಅವನ ಮಾತು ನಿಜ. ನನ್ನ ಎದೆಯೂ ಆ ದಿನ ಝಲ್ಲೆಂದಿತು. ಆದರೆ ಎದೆ ಝಲ್ಲೆನ್ನುವುದಕ್ಕೂ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೂ ನಡುವೆ ಒಂದು ಗಾವುದ ದೂರವಿದೆ. ಯಂತ್ರ ಬಂದ ಮೇಲೆ ಆ ದೂರವು ಕಡಿಮೆಯಾಗಬೇಕಾಗಿತ್ತು. ನನ್ನ ಪಾಲಿಗೆ ಅದು ಹೆಚ್ಚಾಯಿತು. ಕರೆಯುವುದು ಇಷ್ಟು ಸುಲಭವಾದ್ದರಿಂದಲೇ ಮತ್ತೊಬ್ಬನು ಕರೆದಿರುತ್ತಾನೆಂದು ನಾನು ನಂಬಿದೆನು.

ನನಗಿಂತ ಹೀನಾಯವಾದದ್ದೂ ನಡೆದಿದೆ. 2017ರ ಫೆಬ್ರವರಿ 1ರಂದು ಕೊಪ್ಪಳದಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ 18 ವರ್ಷದ ತರುಣನೊಬ್ಬನು ಬಸ್ಸಿನ ಅಪಘಾತಕ್ಕೆ ಸಿಕ್ಕಿ ನೆಲದ ಮೇಲೆ ಬಿದ್ದು ಸಹಾಯಕ್ಕಾಗಿ ಬೇಡುತ್ತಿದ್ದನು. ಸುತ್ತಲಿದ್ದವರ ಕೈಯಲ್ಲಿ ಮೊಬೈಲುಗಳಿದ್ದುವು. ಅವುಗಳಿಂದ ಅವನ ಚಿತ್ರವನ್ನು ತೆಗೆದರು. ಆಸ್ಪತ್ರೆಗೆ ಸೇರಿಸಿದಾಗ ಹೊತ್ತು ಮೀರಿತ್ತು. ಚಿತ್ರ ತೆಗೆಯುವ ಗುಂಡಿಗೂ ಕರೆ ಮಾಡುವ ಗುಂಡಿಗೂ ನಡುವೆ ಬೆರಳಿನ ಅಗಲವೂ ಇಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2016ರ ಫೆಬ್ರವರಿಯಲ್ಲಿ, ನೆಲಮಂಗಲದ ಬಳಿ ಹರೀಶನೆಂಬ ಯುವಕನು ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದಿದ್ದಾಗ, ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡು ಪ್ರಾಣಬಿಟ್ಟನು. ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆಂದು 25,000 ರೂಪಾಯಿಯ ವರೆಗೆ ವೆಚ್ಚಮಾಡುವ ಯೋಜನೆಯನ್ನು ರಾಜ್ಯಸರ್ಕಾರವು ಅವನ ಹೆಸರಿನಲ್ಲಿಯೇ ಆರಂಭಿಸಿತು. ಕೂಗಬೇಕಾಗಿದ್ದವನು ತಾನೇ ಓಗೊಟ್ಟು ಹೋದನು. ಇದನ್ನು ಕುರಿತು ಹೆಚ್ಚು ಬರೆಯಲು ನನಗೆ ಧೈರ್ಯವಿಲ್ಲ.

ಜನರು ಹಿಂಜರಿಯುವುದಕ್ಕೆ ಪೊಲೀಸು ಠಾಣೆಯ ಭಯವೂ ಕೋರ್ಟಿನ ಅಲೆದಾಟವೂ ಕಾರಣವೆಂದು ಬಹುದಿನದಿಂದ ಹೇಳುತ್ತಿದ್ದರು. ಅದರಲ್ಲಿ ಸತ್ಯವೂ ಇತ್ತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಸಹಾಯಕ್ಕೆ ಬಂದವನನ್ನು ಪೀಡಿಸಬಾರದೆಂಬ ನಿಯಮಗಳಿಗೆ ಕಾನೂನಿನ ಬಲವನ್ನಿತ್ತಿತು. ಇದಕ್ಕೆಂದೇ ಪ್ರತ್ಯೇಕ ಶಾಸನವನ್ನು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. 2016ರ ಆ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತವು 2018ರಲ್ಲಿ ದೊರೆಯಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ ಇದೇ ರಕ್ಷಣೆಯನ್ನು ಸೇರಿಸಿದರು. ಇನ್ನು ಭಯವೆಂಬ ನೆಪ ಉಳಿಯಲಿಲ್ಲ. ಆದರೆ ನಮ್ಮ ಕಾನೂನು ಸಹಾಯಮಾಡಿದವನನ್ನು ಕಾಯುತ್ತದೆಯೇ ಹೊರತು, ಅಪಘಾತದಲ್ಲಿ ಸೇರಿದ ಚಾಲಕನೇ ಮೊದಲಾದವರನ್ನು ಬಿಟ್ಟರೆ, ಸಹಾಯಮಾಡದೆ ನಡೆದುಹೋದ ದಾರಿಹೋಕನನ್ನು ಮುಟ್ಟುವುದಿಲ್ಲ. ಫ್ರಾನ್ಸ್ ದೇಶದಲ್ಲಿ ಹಾಗಲ್ಲ. ತನಗೆ ಅಪಾಯವಿಲ್ಲದೆ ಒಬ್ಬನನ್ನು ಉಳಿಸಬಹುದಾಗಿದ್ದು ಉಳಿಸದವನಿಗೆ 5 ವರ್ಷಗಳ ವರೆಗೆ ಸೆರೆವಾಸವನ್ನು ವಿಧಿಸಬಹುದು. ಅಂಥ ಕಾನೂನು ನಮ್ಮಲ್ಲಿಯೂ ಬರಬೇಕೇ? ಬಂದಿದ್ದರೆ ನಾನು ಆ ದಿನ ಕಾರನ್ನು ನಿಲ್ಲಿಸುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿಕ್ಷೆಗೆ ಹೆದರಿ ನಿಲ್ಲಿಸಿದ ನನ್ನನ್ನು ಆ ಮಲಗಿದ್ದವನು ಕಣ್ಣುಬಿಟ್ಟು ನೋಡಿದ್ದರೆ ಅವನಿಗೆ ಅದರಿಂದ ಏನು ಭೇದ? ಕಾರು ನಿಂತಿತಷ್ಟೆ, ಅವನಿಗೆ ಅದೇ ಸಾಕು. ಕರ್ತವ್ಯದ ಶುದ್ಧಿಯನ್ನು ಕುರಿತ ಚಿಂತೆ ನೆಟ್ಟಗೆ ನಿಂತಿರುವವರದು. ಬಿದ್ದವನಿಗೆ ಆ ಚಿಂತೆಯಿಲ್ಲ. ಆದಕಾರಣ ಕಾನೂನು ಬರುವುದಾದರೆ ಬರಲಿ ಎಂದೇ ನನ್ನ ಅಭಿಪ್ರಾಯ. ಇದನ್ನು ಒಪ್ಪದ ಮಿತ್ರರು ಅನೇಕರಿದ್ದಾರೆ.

ಯಂತ್ರದಿಂದ ಮತ್ತೊಂದು ಅಪಾಯವಿದೆ. ಅದು ಹೆಚ್ಚು ಸೂಕ್ಷ್ಮವಾದದ್ದು. ಕರೆಯುವ ಸಾಧನವು ಕೈಯಲ್ಲಿದೆಯೆಂದಾದ ಮೇಲೆ, ಕರೆಯದಿದ್ದದ್ದೇ ಅಪರಾಧವಾಗಿ ಕಾಣಲಾರಂಭಿಸುತ್ತದೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ತರುಣ ಪಶುವೈದ್ಯೆಯೊಬ್ಬಳು ದುಷ್ಟರ ಕೈಗೆ ಸಿಕ್ಕಿ ಕೊಲೆಯಾದಳು. ಅದಕ್ಕೆ ಸ್ವಲ್ಪ ಮುಂಚೆ ಭಯವಾಗಿ ಆಕೆ ಫೋನುಮಾಡಿದ್ದು ತಂಗಿಗೆ. ತಂಗಿಗೆ ಮಾಡುವುದರ ಬದಲು 100ಕ್ಕೆ ಮಾಡಿದ್ದರೆ ಉಳಿಯುತ್ತಿದ್ದಳು ಎಂದು ಅಧಿಕಾರದಲ್ಲಿದ್ದವರೊಬ್ಬರು ನುಡಿದರು. ಜನ ಸಿಟ್ಟಾದರು, ಸಿಟ್ಟಾದದ್ದು ಸರಿ. ಭಯವಾದಾಗ ಒಡಹುಟ್ಟಿದವಳ ಧ್ವನಿಯನ್ನು ಕೇಳಬೇಕೆನ್ನಿಸುವುದು ತಪ್ಪೇ? ಕಾಯಬೇಕಾಗಿದ್ದವರ ಮೇಲಿದ್ದ ಭಾರವು ಒಂದು ಮಾತಿನಲ್ಲಿ ಸತ್ತವಳ ಮೇಲೆ ಬಿದ್ದಿತು. ನಮ್ಮ ವೃದ್ಧೆಯ ಮಗನ ಕೋಪದಲ್ಲಿಯೂ ಇದರ ಒಂದು ಎಳೆಯಿತ್ತೆಂದು ನನಗೆ ತೋರುತ್ತದೆ. ಫೋನನ್ನು ಕೊಡಿಸಿದೆನು, ಗುಂಡಿಯನ್ನು ತೋರಿಸಿದೆನು, ನನ್ನ ಋಣ ತೀರಿತು, ಒತ್ತದಿದ್ದದ್ದು ನಿನ್ನ ತಪ್ಪು! ಆತನನ್ನು ದೂರಲಾರೆ. ಹತ್ತು ಸಾವಿರ ಮೈಲಿ ದೂರದಲ್ಲಿ ನಿದ್ದೆಯಿಲ್ಲದೆ ಕುಳಿತವನ ಸಂಕಟವೂ ಸಂಕಟವೇ. ತಾಯಿಯ ಬಳಿ ಇರಲಾರದ ತನ್ನ ಸ್ಥಾನದಲ್ಲಿ ಆತನು ಯಂತ್ರವೊಂದನ್ನು ಇರಿಸಿ ಹೋದನು. ಯಂತ್ರವನ್ನು ತಾಯಿ ಮುಟ್ಟದಿದ್ದಾಗ ತನ್ನನ್ನೇ ಮುಟ್ಟದಂತೆ ಆತನಿಗೆ ಅನ್ನಿಸಿರಬಹುದು.

ಸುಳ್ಳುಕರೆಗಳ ವಿಷಯವಾಗಿಯೂ ಒಂದು ಮಾತು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ, ಮಕ್ಕಳು ಆಟವಾಡಿ, ಕೇಂದ್ರಕ್ಕೆ ವೃಥಾ ಕರೆಗಳು ಹೋಗುವುದುಂಟು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿದ್ದೇವೆ. ಆ ಕಥೆಯಲ್ಲಿ ಹುಡುಗನಿಗೆ ಬುದ್ಧಿ ಬಂದಿತೆಂದು ಮುಗಿಸುತ್ತೇವೆಯೇ ಹೊರತು, ಮೂರನೆಯ ಸಲ ಮನೆಯಲ್ಲಿಯೇ ಕುಳಿತಿದ್ದ ಊರವರ ವಿಚಾರವನ್ನು ಎತ್ತುವುದಿಲ್ಲ. ಕುರಿಗಳು ಅವರವೇ ಆಗಿದ್ದುವು. ಕರೆಯನ್ನು ತೆಗೆದುಕೊಳ್ಳುವ ಆಸನದಲ್ಲಿ ಕುಳಿತವರಿಗೆ ಮೂರನೆಯ ಸಲವೆಂಬುದಿಲ್ಲ. ಪ್ರತಿಯೊಂದು ಕರೆಯನ್ನೂ ಮೊದಲನೆಯದೆಂದೇ ಅವರು ಎಣಿಸಬೇಕು. ಸಂಬಳಕ್ಕೆ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಕಠಿನವಾದ ವ್ರತವನ್ನು ನಾನು ಬೇರೆ ಕಾಣೆ.

ನಮ್ಮ ಬೀದಿಯ ವೃದ್ಧೆ ಮೂರು ತಿಂಗಳ ಮೇಲೆ ಕೋಲು ಹಿಡಿದು ನಡೆಯತೊಡಗಿದರು. ಮೊನ್ನೆ ನನ್ನನ್ನು ಕರೆಯಿಸಿ, ಆ ಗುಂಡಿಯನ್ನು ಇನ್ನೊಂದು ಸಲ ತೋರಿಸಿಕೊಡು ಎಂದರು. ತೋರಿಸಿದೆನು. ಕಂದಾಯದ ಮಾತನ್ನೂ ಹೇಳಿದೆನು. ಅದು ಅವರಿಗೆ ಅಷ್ಟಾಗಿ ರುಚಿಸಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಇದನ್ನ ಒತ್ತಿದ್ರೆ ನಿಮ್ಮನೇಲೂ ಗೊತ್ತಾಗತ್ತೇನಪ್ಪಾ?" ಎಂದು ಕೇಳಿದರು. ಮಗನು ಬರೆದಿಟ್ಟಿದ್ದ ಹೆಸರುಗಳನ್ನು ತೆಗೆದು ನೋಡಿದೆನು. ಅವನದೂ, ಬೆಂಗಳೂರಿನ ಒಬ್ಬ ಸೋದರಳಿಯನದೂ ಇದ್ದುವು. ಅವುಗಳ ಕೆಳಗೆ ನೆರೆಮನೆಯ ಹೆಣ್ಣುಮಗಳ ಸಂಖ್ಯೆಯನ್ನೂ ನನ್ನದನ್ನೂ ಸೇರಿಸಿದೆನು. "ಹಾಗಾದ್ರೆ ಒತ್ತಬಹುದು" ಎಂದು ಆಕೆ ಫೋನನ್ನು ದಿಂಬಿನ ಬಳಿ ಇಟ್ಟುಕೊಂಡರು. ಚೊಂಬನ್ನು ಅಲ್ಲಿಂದ ತೆಗೆಯಲಿಲ್ಲ. ಬಹುವರ್ಷಗಳಿಂದ ರಾತ್ರಿ ಮಲಗುವಾಗ ಫೋನಿನ ಸದ್ದನ್ನು ನಿಲ್ಲಿಸಿ ಮಲಗುವುದು ನನ್ನ ಅಭ್ಯಾಸವಾಗಿತ್ತು. ಅಂದಿನಿಂದ ಅದನ್ನು ಬಿಟ್ಟಿದ್ದೇನೆ.